ಮುಟ್ಟಿದರೆ ಮುನಿಯ ಬೇರಿನಲ್ಲಿ ಏನಿದೆ?



ಮುಟ್ಟಿದರೆ ಮುನಿ ಎಲೆ ಮುಚ್ಚುವುದನ್ನು ಎಲ್ಲರೂ ನೋಡಿದ್ದೀರಿ. ಎಲೆಯ ಬುಡದಲ್ಲಿರುವ ಸಣ್ಣ ಉಬ್ಬಿನಿಂದ ನೀರು ಸರಿದು ಹೋಗುತ್ತದೆ, ಅದಕ್ಕೇ ಎಲೆ ಮಡಚುತ್ತದೆ. ಆದರೆ ನಾನು ಬರೆಯಲು ಹೊರಟಿದ್ದು ಅದರ ಬೇರಿನ ವಿಷಯ.

ಭದ್ರಾ ಕಾಲುವೆ ಪಕ್ಕದ ನಮ್ಮ ಅಡಿಕೆ ತೋಟದಲ್ಲಿ ಈ ಗಿಡ ವಿಪರೀತ ಬೆಳೆದಿದೆ. ಉದುರಿದ ಅಡಿಕೆ ಹೆಕ್ಕಲು ಹೋದ ಅಜ್ಜಿಯ ಕಾಲಿಗೆ ಮುಳ್ಳು ಗೀರಿ ಗಾಯ ಆಯಿತು. ಅಪ್ಪ, "ಕಳೆನಾಶಕ ಹೊಡೆದುಬಿಡ್ತೀನಿ" ಅಂದರು. ಅದೇ ವಾರ ನಮಗೆ ಬೇರುಗಂಟಿನ ಪಾಠ ಆಗಿತ್ತು. ಮಳೆ ಬಂದು ಮಣ್ಣು ಮೆತ್ತಗಾದ ದಿನ ಗುದ್ದಲಿಯಿಂದ ಬುಡ ಸಡಿಲ ಮಾಡಿ ಒಂದು ಗಿಡ ಕಿತ್ತೆ. ಸುಮ್ಮನೆ ಜಗ್ಗಿದರೆ ಗಂಟುಗಳು ಮಣ್ಣಲ್ಲೇ ಉಳಿದುಬಿಡ್ತವೆ, ನೆನಪಿರಲಿ. ಬಕೆಟ್ ನೀರಿನಲ್ಲಿ ಅದ್ದಿ ತೊಳೆದಾಗ ಸಾಸಿವೆ ಗಾತ್ರದ ಗಂಟುಗಳು ಕಂಡವು. ಉಗುರಿನಿಂದ ಸೀಳಿದರೆ ಒಳಗೆ ತಿಳಿ ಕೆಂಪು. ಕೆಂಪಗಿದ್ದರೆ ಗಂಟು ಕೆಲಸ ಮಾಡುತ್ತಿದೆ ಎಂದರ್ಥ.

ಏನು ಕೆಲಸ? ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದೆ. ಗಿಡಗಳು ಅದನ್ನು ನೇರವಾಗಿ ಬಳಸಲಾರವು. ಗಂಟಿನೊಳಗಿನ ಬ್ಯಾಕ್ಟೀರಿಯಾಗಳು ಅದನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. 1888ರಲ್ಲಿ ಹಾಲೆಂಡಿನ ಬೈಜರಿಂಕ್ ಎಂಬ ವಿಜ್ಞಾನಿ ಗಂಟಿನಿಂದ ಈ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ಬೆಳೆಸಿದರು.

ಮಾರನೇ ದಿನ ಶಿವಮೊಗ್ಗ ರಸ್ತೆ ಪಕ್ಕದ ಚಗತೆ ಗಿಡ ಕಿತ್ತೆ. ಅದೂ ಹುರುಳಿ ಹಾಗೆ ಕೋಡು ಬಿಡುತ್ತದಲ್ಲ, ಗಂಟು ಇದ್ದೇ ಇರುತ್ತದೆ ಅಂದುಕೊಂಡಿದ್ದೆ. ನಾಲ್ಕು ಗಿಡ ಕಿತ್ತರೂ ಒಂದೇ ಒಂದು ಗಂಟಿಲ್ಲ! ಕೋಡು ಬಿಡುವ ಗಿಡಗಳಿಗೆಲ್ಲ ಗಂಟು ಇರುವುದಿಲ್ಲ, ಚಗತೆಗೆ ಇಲ್ಲ ಎಂದು ಮೇಷ್ಟ್ರು ಹೇಳಿದರು.

ಮುಟ್ಟಿದರೆ ಮುನಿಯ ಮೂಲ ಊರು ಅಮೆರಿಕ ಖಂಡ. ಅದೇ ಖಂಡದಲ್ಲಿ, ಫ್ಲಾರಿಡಾ ಕಡೆಯ ಕರಾವಳಿಯ ಮರಳು ನೆಲದಲ್ಲಿ, ಡೇಲಿಯಾ ಎಂಬ ಕಾಡುಗಿಡ ಇದೆ. (ನಮ್ಮ ಅಂಗಳದ ಡೇರೆ ಹೂವಲ್ಲ, ಅದು ಬೇರೆ.) ಇದೂ ಅವರೆ, ಹುರುಳಿಯ ಕುಟುಂಬದ್ದೇ. ಬೇಸಿಗೆ ಮುಗಿಯುವಾಗ ಬಿಳಿ ಹೂ ಬಿಡುವುದರಿಂದ ಅಲ್ಲಿನ ಒಂದು ಜಾತಿಗೆ 'ಬೇಸಿಗೆಯ ವಿದಾಯ' ಎಂಬ ಅರ್ಥದ ಹೆಸರಿದೆ. ಮರಳಿನಲ್ಲಿ ಸಾರಜನಕ ಬಹಳ ಕಡಿಮೆ. ಬೇರಿನಲ್ಲಿ ಗಂಟಿದ್ದ ಗಿಡಕ್ಕೆ ಅಂಥ ಕಡೆ ಬದುಕುವುದು ಸುಲಭ.

ಗಂಟು ತೋರಿಸಿ ಅಪ್ಪನಿಗೆ ಹೇಳಿದೆ: ಗಿಡ ಬದುಕಿರುವಾಗ ಅಡಿಕೆ ಮರಕ್ಕೆ ಹೆಚ್ಚೇನೂ ಸಿಗಲ್ಲ, ಕೊಳೆತ ಮೇಲೆ ಸಿಗುತ್ತೆ. ಔಷಧಿ ಬೇಡ, ಕಿತ್ತು ಮರದ ಬುಡಕ್ಕೆ ಹಾಸೋಣ. ಅಪ್ಪ ಏನೂ ಅನ್ನಲಿಲ್ಲ. ಅಜ್ಜಿಯೇ, "ಮುಳ್ಳು ಹಾಸಿದ್ರೆ ಹೆಕ್ಕೋರ ಕೈ ಏನಾಗ್ಬೇಕೇ ಹುಡುಗಿ?" ಅಂದರು. ಇದು ನನಗೆ ಹೊಳೆದೇ ಇರಲಿಲ್ಲ.

ಕೊನೆಗೆ ತೋಟದ ಎರಡು ಸಾಲು ಮಾತ್ರ ನನಗೆ ಬಿಟ್ಟರು. ಬೀಜ ಬಲಿಯುವ ಮೊದಲೇ ಕಿತ್ತು ಗೊಬ್ಬರದ ಗುಂಡಿಗೆ ಹಾಕುತ್ತಿದ್ದೇನೆ. ಬೀಜ ಬಿದ್ದರೆ ವರ್ಷಗಟ್ಟಲೆ ಸಾಯದೆ ಮಣ್ಣಲ್ಲಿ ಮಲಗಿರುತ್ತದೆ. ಯುಗಾದಿ ಹೊತ್ತಿಗೆ ಗುಂಡಿ ತೆಗೆಯುತ್ತೇವೆ. ಮುಳ್ಳು ಕರಗಿದೆಯೋ ಇಲ್ಲವೋ ಆಗ ಇದೇ ಗೋಡೆಯಲ್ಲಿ ಬರೆಯುತ್ತೇನೆ.

– ಏಳನೇ ತರಗತಿ ವಿದ್ಯಾರ್ಥಿನಿ