ಹಲ್ಲಿಗೆ ಅರ ಹಾಕಿಸುವ ಮುನ್ನ

ಮೈಸೂರು ರಸ್ತೆಯ ದೀಪಾಂಜಲಿ ನಗರವಿರಲಿ, ಬೇರೆ ಬಡಾವಣೆಯಿರಲಿ, ಮನೆಯಲ್ಲಿ ನಿಕಾಹ್ ನಿಶ್ಚಯವಾದರೆ ಮೆಹಂದಿ, ಒಡವೆಯ ಜೊತೆಗೆ ಈಗ ಹಲ್ಲಿನ ಮಾತೂ ಬರುತ್ತದೆ. ಮುಂದಿನ ಹಲ್ಲನ್ನು ಉಜ್ಜಿಸಿ ಸಣ್ಣದು ಮಾಡಿಸೋಣವೇ, ಹರಳು ಅಂಟಿಸೋಣವೇ ಎಂದು ಹೆಣ್ಣುಮಕ್ಕಳು ಕೇಳುತ್ತಾರೆ. ಉತ್ತರಿಸುವ ಮುನ್ನ ಈ ಆಸೆ ಎಷ್ಟು ಹಳೆಯದೆಂದು ತಿಳಿಯಿರಿ.

ಹಿಂದೆ ದಖನಿ ಮನೆಗಳಲ್ಲಿ ಮದುವೆಯಾದ ಹೆಂಗಸರು ಹಲ್ಲು, ಒಸಡಿಗೆ ಮಿಸ್ಸಿ ಹಚ್ಚುತ್ತಿದ್ದರು. ಮಾಚಿಕಾಯಿಯಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ಕಬ್ಬಿಣದೊಂದಿಗೆ ಸೇರಿದರೆ ಕಪ್ಪಾಗುತ್ತದೆ. ಮಿಸ್ಸಿಯ ಗುಟ್ಟು ಇದೇ. ಜಪಾನಿನ ಹೆಂಗಸರೂ ಇದೇ ಬಗೆಯಲ್ಲಿ ಹಲ್ಲು ಕಪ್ಪಾಗಿಸುತ್ತಿದ್ದರು. ಅಲ್ಲಿನ ಸರ್ಕಾರ 1870ರಲ್ಲಿ ಕುಲೀನ ಮನೆತನಗಳಿಗೆ ಅದನ್ನು ನಿಷೇಧಿಸಿತು.

ಬಣ್ಣ ಹಚ್ಚುವುದು ಒಂದು, ಹಲ್ಲನ್ನೇ ಕೊರೆಯುವುದು ಇನ್ನೊಂದು. ಆನೈಮಲೈ ಬೆಟ್ಟಗಳ ಕಾಡರ್ ಜನರು ಮುಂದಿನ ಹಲ್ಲುಗಳನ್ನು ಕೆತ್ತಿ ಚೂಪು ಮಾಡುತ್ತಿದ್ದರು. ಮಧ್ಯ ಅಮೆರಿಕದ ಮಾಯಾ ಜನರು ಹಲ್ಲಿನಲ್ಲಿ ತೂತು ಕೊರೆದು ಹಸಿರು ಜೇಡ್ ಕಲ್ಲು ಕೂರಿಸುತ್ತಿದ್ದರು. ತೂತು ಆಳವಾದಾಗ ಬೇರಿನಲ್ಲಿ ಕೀವುಗಟ್ಟಿದ ಗುರುತು ಅವರ ಕೆಲವು ದವಡೆಗಳಲ್ಲಿ ಇಂದಿಗೂ ಕಾಣುತ್ತದೆ.

ಕಾರಣ ಸರಳ. ಹಲ್ಲಿನ ಹೊರಪದರವಾದ ಎನಾಮಲ್‌ನಲ್ಲಿ ಜೀವಕೋಶಗಳಿಲ್ಲ. ಚರ್ಮದ ಗಾಯ ಮಾಯುತ್ತದೆ, ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಅದು ತೆಳುವಾದರೆ ತಣ್ಣೀರು, ಬಿಸಿ ಚಹಾ, ಸಿಹಿ ಎಲ್ಲವೂ ಜುಮ್ಮೆನ್ನಿಸುತ್ತವೆ. ಹರಳು ಅಂಟಿಸಲು ಆಮ್ಲದಿಂದ ಎನಾಮಲ್ ಅನ್ನು ಒರಟು ಮಾಡುತ್ತಾರೆ. ಹರಳಿನ ಸುತ್ತ ಆಹಾರದ ಅಂಶ, ಕೊಳೆ ನಿಂತರೆ ಹುಳುಕು ಹಿಡಿಯಬಹುದು.

ನಮ್ಮ ದೀನ್ ಈ ವಿಷಯದಲ್ಲಿ ಮೊದಲೇ ಎಚ್ಚರಿಸಿದೆ. ಅಂದಕ್ಕಾಗಿ ಹಲ್ಲುಗಳ ನಡುವೆ ಸಂದು ಮಾಡಿಸಿಕೊಂಡು ಅಲ್ಲಾಹನ ಸೃಷ್ಟಿಯನ್ನು ಬದಲಿಸುವವರ ಮೇಲೆ ಶಾಪವಿದೆ ಎಂಬ ಹದೀಸ್ ಬುಖಾರಿ, ಮುಸ್ಲಿಮ್ ಸಂಗ್ರಹಗಳಲ್ಲಿದೆ. ಚಿಕಿತ್ಸೆಯ ಮಾತು ಬೇರೆ. ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜ(ರ) ಅವರಿಗೆ ಚಿನ್ನದ ಮೂಗು ಇಟ್ಟುಕೊಳ್ಳಲು ಪ್ರವಾದಿ(ಸ) ಹೇಳಿದ್ದರು. ಆದ್ದರಿಂದ ಅಗಿಯಲು ತೊಂದರೆ ಕೊಡುವ ಓರೆ ಹಲ್ಲಿಗೆ ತಂತಿ ಹಾಕಿಸಲು, ಮುರಿದ ಹಲ್ಲು ಕಟ್ಟಿಸಲು ಹಿಂಜರಿಯಬೇಡಿ.

ಬ್ಯೂಟಿ ಪಾರ್ಲರ್‌ನಲ್ಲಿ ಹಲ್ಲಿಗೆ ಕೈಹಾಕಲು ಬಿಡಬೇಡಿ. ಮೊದಲು ನೋಂದಾಯಿತ ದಂತವೈದ್ಯರಿಗೆ ತೋರಿಸಿ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ದಂತ ಕಾಲೇಜು ಇದೆ. “ಇದು ಕಾಯಿಲೆಗೋ, ಅಂದಕ್ಕೋ? ಎಷ್ಟು ಎನಾಮಲ್ ಹೋಗುತ್ತದೆ?” ಎಂದು ಕೇಳಿ. ಮಗಳ ಹಲ್ಲು ಮದುವೆಯ ಫೋಟೋಗಷ್ಟೇ ಅಲ್ಲ, ಮುಂದಿನ ಐವತ್ತು ವರ್ಷ ರೊಟ್ಟಿ ಅಗಿಯುವುದಕ್ಕೂ ಬೇಕು.