ಸಕ್ಕರೆಯ ತಕರಾರು



ನಮ್ಮ ದೇಶದ ಸರಕನ್ನು ಹೊರದೇಶಕ್ಕೆ ಮಾರುವುದೇ ರಫ್ತು. ಹಾಗೆ ಮಾರುವವರಿಗೆ ಸರ್ಕಾರ ಕೊಡುವ ಹಣಕ್ಕೆ ರಫ್ತು ಸಹಾಯಧನ ಎನ್ನುತ್ತಾರೆ. ನಮ್ಮೂರ ಸುತ್ತ ಕಬ್ಬೇ ದೊಡ್ಡ ಬೆಳೆ. ಆದ್ದರಿಂದ ನಾನು ಸಕ್ಕರೆಯ ಉದಾಹರಣೆಯನ್ನೇ ತೆಗೆದುಕೊಂಡಿದ್ದೇನೆ.

ಸಹಾಯಧನ ಏಕೆ?

ಕಾರ್ಖಾನೆಯವರು ಕಬ್ಬಿಗೆ ಕೊಡಬೇಕಾದ ಕನಿಷ್ಠ ಬೆಲೆಯನ್ನು ಕೇಂದ್ರ ಸರ್ಕಾರ ಗೊತ್ತುಮಾಡುತ್ತದೆ. ಸಕ್ಕರೆ ಹೆಚ್ಚಾಗಿ ಗೋದಾಮಿನಲ್ಲೇ ಉಳಿದರೆ ಕಾರ್ಖಾನೆ ಕೈಯಲ್ಲಿ ದುಡ್ಡಿರಲ್ಲ, ರೈತರಿಗೆ ಕೊಡೋ ಬಾಕಿ ನಿಂತುಬಿಡುತ್ತದೆ. ನಮ್ಮಪ್ಪನಿಗೂ ಒಂದು ವರ್ಷ ಕಬ್ಬಿನ ದುಡ್ಡು ಐದು ತಿಂಗಳು ತಡವಾಗಿ ಬಂತು. ಗೊಬ್ಬರದ ಸಾಲ ಅಷ್ಟು ದಿನ ಕಾಯುತ್ತದೆಯೇ?

ಉಳಿದ ಸಕ್ಕರೆಯನ್ನು ಹೊರಗೆ ಮಾರೋಣವೆಂದರೆ ಕೆಲವು ವರ್ಷ ಅಲ್ಲಿ ಬೆಲೆ ಕಡಿಮೆ. ಒಂದು ಕೆ.ಜಿ.ಗೆ ಖರ್ಚು 30 ರೂ., ಹೊರಗಿನ ಬೆಲೆ 20 ರೂ. ಎಂದು ಇಟ್ಟುಕೊಳ್ಳಿ. ನಷ್ಟ 10 ರೂ. ಅದನ್ನು ಸರ್ಕಾರ ತುಂಬಿದರೆ ಸಕ್ಕರೆ ಹೋಗುತ್ತದೆ. 2019-20ರ ಹಂಗಾಮಿನಲ್ಲಿ ಕೇಂದ್ರ ಸರ್ಕಾರ ಟನ್ನಿಗೆ 10,448 ರೂ. ಸಹಾಯ ಘೋಷಿಸಿತ್ತು. ಸಾವಿರದಿಂದ ಭಾಗಿಸಿ ನೋಡಿ, ಕೆ.ಜಿ.ಗೆ ಸುಮಾರು 10 ರೂ. 45 ಪೈಸೆ!

ತಕರಾರು ಏನು?

1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಶುರುವಾಯಿತು. ಅದರ ಕಚೇರಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿದೆ. 2015ರಲ್ಲಿ ನೈರೋಬಿಯಲ್ಲಿ ಸೇರಿದ ಸದಸ್ಯ ದೇಶಗಳು ಕೃಷಿ ರಫ್ತು ಸಹಾಯಧನ ನಿಲ್ಲಿಸಬೇಕೆಂದು ತೀರ್ಮಾನಿಸಿದವು. ಯಾಕೆಂದರೆ ಒಂದು ದೇಶ ದುಡ್ಡು ಕೊಟ್ಟು ಅಗ್ಗವಾಗಿ ಮಾರಿದರೆ ಬೇರೆ ದೇಶದ ರೈತನ ಬೆಳೆಗೆ ಬೆಲೆ ಬೀಳುತ್ತದೆ.

2019ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ ಮತ್ತು ಗ್ವಾಟೆಮಾಲಾ ದೇಶಗಳು ಭಾರತದ ಮೇಲೆ ದೂರು ಕೊಟ್ಟವು. ಕಬ್ಬಿನ ಬೆಲೆಯನ್ನು ಕೊಡುವುದು ಕಾರ್ಖಾನೆ, ಸರ್ಕಾರವಲ್ಲ ಎಂದು ಭಾರತ ವಾದಿಸಿತು. 2021ರ ಡಿಸೆಂಬರಿನಲ್ಲಿ ತೀರ್ಪುಗಾರರ ಸಮಿತಿ ಅದನ್ನು ಒಪ್ಪಲಿಲ್ಲ. ಕಬ್ಬಿಗೆ ಕೊಟ್ಟ ಬೆಂಬಲ ಬೆಳೆಯ ಮೌಲ್ಯದ ನೂರಕ್ಕೆ 10ರ ಮಿತಿ ದಾಟಿದೆ, ರಫ್ತು ಸಹಾಯವೂ ನಿಯಮಕ್ಕೆ ವಿರುದ್ಧ ಎಂದಿತು. 2022ರ ಜನವರಿಯಲ್ಲಿ ಭಾರತ ಮೇಲ್ಮನವಿ ಹಾಕಿತು. ಆದರೆ ಮೇಲ್ಮನವಿ ಕೇಳಲು ಮೂವರು ಸದಸ್ಯರು ಬೇಕು. ಹೊಸಬರ ನೇಮಕಕ್ಕೆ ಅಮೆರಿಕ ಒಪ್ಪದ ಕಾರಣ 2019ರ ಡಿಸೆಂಬರಿನಿಂದಲೇ ಆ ಪೀಠ ಕೆಲಸ ಮಾಡುತ್ತಿರಲಿಲ್ಲ. ಜಡ್ಜಿಲ್ಲದ ಕೋರ್ಟಿಗೆ ಅರ್ಜಿ ಹಾಕಿದಂತಾಯಿತು!

ನನ್ನ ಅಭಿಪ್ರಾಯ

ಸಹಾಯಧನ ಇಲ್ಲದಿದ್ದರೆ ನಮ್ಮ ರೈತರ ಬಾಕಿ ಉಳಿಯುತ್ತದೆ. ಇದ್ದರೆ ಗ್ವಾಟೆಮಾಲಾದ ಕಬ್ಬಿನ ರೈತನಿಗೆ ಬೆಲೆ ಬೀಳುತ್ತದೆ. ಅವನೂ ನಮ್ಮ ಹಾಗೆ ಬಿಸಿಲಲ್ಲಿ ದುಡಿಯುವವನೇ. ನಿಯಮ ಬೇಕು, ಆದರೆ ಕಬ್ಬು ಕಡಿದು ಸಾಗಿಸಿದ ಮೇಲೆ ದುಡ್ಡಿಗಾಗಿ ರೈತ ಕಾಯುವಂತೆ ಆಗಬಾರದು ಎಂದು ನನಗನಿಸುತ್ತದೆ.

ಯೋಚಿಸಿ ಉತ್ತರಿಸಿ:
1. 60 ಲಕ್ಷ ಟನ್ನಿಗೆ ಟನ್ನಿಗೆ 10,448 ರೂ.ನಂತೆ ಒಟ್ಟು ಎಷ್ಟು ಕೋಟಿ?
2. ಆ ಹಣವನ್ನು ರಫ್ತಿಗೆ ಕೊಡದೆ ರೈತರಿಗೆ ಬೇರೆ ಹೇಗೆ ಕೊಡಬಹುದು?

ಉತ್ತರಗಳನ್ನು ಚೀಟಿಯಲ್ಲಿ ಬರೆದು ಪತ್ರಿಕೆಯ ಪಕ್ಕದ ಪೆಟ್ಟಿಗೆಗೆ ಹಾಕಿರಿ.

– 7ನೇ ತರಗತಿ ವಿದ್ಯಾರ್ಥಿ