ಸೋತ ಮ್ಯಾಚಿನ ಸ್ಕೋರ್‌ಕಾರ್ಡ್ ಓದೋದು ಹೆಂಗ?

ನನ್ನ ರೂಮ್‌ಮೇಟ್ ಚಿಕ್ಕೋಡಿ ಹತ್ತಿರದ ಕಬ್ಬೂರಿನವ. ಅವನ ಟ್ರಂಕಿನಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಅದರ ತುಂಬಾ ಪೇಪರಿನಿಂದ ಕತ್ತರಿಸಿ ಅಂಟಿಸಿದ ಸ್ಕೋರ್‌ಕಾರ್ಡ್‌ಗಳು. ಎಲ್ಲಾ ಆರ್‌ಸಿಬಿ ಸೋತ ಪ್ಲೇಆಫ್, ಫೈನಲ್‌ಗಳವು. ಮೊದಮೊದಲಿನವನ್ನ ಅವರ ಕಾಕಾ ಅಂಟಿಸಿದ್ದು, ಆಮೇಲಿನವು ಇವನವು. "ಸೋತಿದ್ದನ್ನ ಯಾಕ ಕೂಡಿಟ್ಟೀಲೇ?" ಅಂದ್ರೆ, "ಗೆದ್ದಿದ್ದು ಹೆಂಗೂ ಎಲ್ಲಾರಿಗೂ ನೆನಪಿರ್ತದ" ಅಂತಾನೆ.

ಹಾಸ್ಟೆಲಿನಲ್ಲಿ ಮ್ಯಾಚ್ ಸೋತ ಹತ್ತೇ ನಿಮಿಷದಲ್ಲಿ ನಾವು ಒಬ್ಬ ಅಪರಾಧಿಯನ್ನ ಹುಡುಕಿ ತೀರ್ಪು ಕೊಟ್ಟುಬಿಟ್ಟಿರ್ತೀವಿ. ಆ ತೀರ್ಪು ಎಷ್ಟರಮಟ್ಟಿಗೆ ಸರಿ ಅಂತ ಪರೀಕ್ಷೆ ಮಾಡೋಕೆ ಇಂಥ ಹಳೇ ಕಾರ್ಡುಗಳೇ ಸಾಕು. ಪೆನ್ನು, ಕ್ಯಾಲ್ಕುಲೇಟರ್ ಹತ್ತಿರ ಇಟ್ಕೊಳ್ಳಿ.

ಮೊದಲು, ಕಾರ್ಡು ಏನನ್ನ ಹೇಳೋದಿಲ್ಲ ಅಂತ ತಿಳಿದಿರಬೇಕು. 240 ಎಸೆತಗಳ ಆಟವನ್ನ ಮೂವತ್ತು ಸಾಲಿಗೆ ಇಳಿಸಿದಾಗ ಕಳೆದುಹೋಗೋದು ಸಮಯ: ಯಾವುದು ಯಾವಾಗ ಆಯ್ತು ಅನ್ನೋದು. ಬ್ಯಾಸ್ಕೆಟ್‌ಬಾಲಿನಲ್ಲಿ ಈ ತೊಂದರೆ ಇನ್ನೂ ಜಾಸ್ತಿ. 1998ರ ಜೂನ್ 14ರಂದು ಎನ್‌ಬಿಎ ಫೈನಲ್ಸ್‌ನ ಆರನೇ ಪಂದ್ಯದಲ್ಲಿ ಯೂಟಾ ಜಾಝ್ ತಂಡ ಶಿಕಾಗೊ ಬುಲ್ಸ್ ಎದುರು 86–87ರಲ್ಲಿ ಸೋತಿತು. ಕಾರ್ಡಿನಲ್ಲಿ ಯೂಟಾದ ಕಾರ್ಲ್ ಮಲೋನ್ ಹೆಸರಿನ ಮುಂದೆ 31 ಪಾಯಿಂಟ್ ಇದೆ. ಕೊನೇ ನಿಮಿಷದಲ್ಲಿ ಮೈಕೆಲ್ ಜೋರ್ಡಾನ್ ಅವರ ಕೈಯಿಂದ ಚೆಂಡು ಕಸಿದು, ಆ ಕಡೆ ಹೋಗಿ ಗೆಲುವಿನ ಬಾಸ್ಕೆಟ್ ಹಾಕಿದರು. ಕಾರ್ಡಿನ ಲೆಕ್ಕದಲ್ಲಿ ಅದು ಮಲೋನ್‌ಗೆ ಒಂದು ಟರ್ನೋವರ್, ಅಷ್ಟೇ. ಮೊದಲ ಕ್ವಾರ್ಟರಿನಲ್ಲಿ ಚೆಂಡು ಕಳಕೊಂಡಿದ್ದರೂ ಅದೇ ಒಂದು.

ಪುಣ್ಯಕ್ಕೆ ಕ್ರಿಕೆಟ್ ಕಾರ್ಡಿನ ಕೆಳಗಡೆ ಸಣ್ಣ ಅಕ್ಷರದಲ್ಲಿ 'ವಿಕೆಟ್ ಪತನ' ಅಂತ ಒಂದು ಸಾಲಿರುತ್ತೆ. ಯಾರೂ ಓದದ ಸಾಲು. ಆದರೆ ಇಡೀ ಕಾರ್ಡಿನಲ್ಲಿ ಸಮಯ ಉಳಿದಿರೋದು ಅಲ್ಲೊಂದೇ ಕಡೆ.

2016ರ ಮೇ 29, ಚಿನ್ನಸ್ವಾಮಿ ಸ್ಟೇಡಿಯಂ. ಸನ್‌ರೈಸರ್ಸ್ ಹೈದರಾಬಾದ್ 7 ವಿಕೆಟ್‌ಗೆ 208, ಆರ್‌ಸಿಬಿ 7 ವಿಕೆಟ್‌ಗೆ 200. ಸೋಲು 8 ರನ್ನಿಂದ. ಈ ಮ್ಯಾಚಿನ ಬಗ್ಗೆ ಎರಡು ತೀರ್ಪು ಬಹಳ ಪ್ರಸಿದ್ಧ. ಒಂದು, ವಾಟ್ಸನ್ 4 ಓವರಿಗೆ 61 ರನ್ ಕೊಟ್ಟು ಮುಳುಗಿಸಿದ. ಎರಡು, ಗೇಲ್ ಮತ್ತು ಕೊಹ್ಲಿ ಔಟಾದ ಕೂಡಲೇ ಮ್ಯಾಚು ಮುಗೀತು.

ಎರಡನೇದನ್ನ ಮೊದಲು ನೋಡೋಣ. ವಿಕೆಟ್ ಪತನದ ಸಾಲು ಹೀಗಿದೆ: 1–114 (ಗೇಲ್, 10.3), 2–140 (ಕೊಹ್ಲಿ, 12.5), 3–148 (ಡಿವಿಲಿಯರ್ಸ್, 13.3). ಗೇಲ್ ಔಟಾದಾಗ ಬೇಕಿದ್ದದ್ದು 57 ಎಸೆತಕ್ಕೆ 95, ಅಂದ್ರೆ ಓವರಿಗೆ ಸರಿಯಾಗಿ 10. ಮುಂದಿನ 18 ಎಸೆತದಲ್ಲಿ ಕೊಹ್ಲಿ, ಎಬಿಡಿ ಇಬ್ಬರೂ ಹೋದರು. ಆದರೆ ಆ 18 ಎಸೆತದಲ್ಲೇ 34 ರನ್ ಬಂದಿದೆ, ಓವರಿಗೆ 11ಕ್ಕಿಂತ ಜಾಸ್ತಿ! ಅಂದರೆ ಮೂವರು ದೊಡ್ಡವರು ಪೆವಿಲಿಯನ್ ಸೇರಿದ ಹೊತ್ತಿಗೆ ಬೇಕಾದ ರೇಟು 10ರಿಂದ 9.4ಕ್ಕೆ ಇಳಿದಿತ್ತು. ಉಳಿದ 39 ಎಸೆತಕ್ಕೆ 61 ಬೇಕಿತ್ತು, ಬಂದದ್ದು 52. ಓವರಿಗೆ ಒಂದೂವರೆ ರನ್ನಿನಷ್ಟೇ ಕೊರತೆ. ನಮ್ಮ ನೆನಪಿನಲ್ಲಿರೋ 'ದಿಢೀರ್ ಕುಸಿತ' ಕಾರ್ಡಿನಲ್ಲಿ ಸಿಗೋದಿಲ್ಲ. ಸಿಗೋದು ನಿಧಾನಕ್ಕೆ ಆದ ಸೋರಿಕೆ.

ಆ ಸೋರಿಕೆ ಯಾರಿಂದ ಅಂತ ನೋಡಬೇಕಂದ್ರೆ ಇನ್ನೊಂದು ಸಾಲು ಓದಿ: ಭುವನೇಶ್ವರ್ ಕುಮಾರ್, 4 ಓವರ್, 25 ರನ್, 0 ವಿಕೆಟ್. 408 ರನ್ ಹರಿದ ದಿನ ಓವರಿಗೆ 6.25. ವಿಕೆಟ್ ಕಾಲಂನಲ್ಲಿ ಸೊನ್ನೆ ಇದೆ ಅಂತ ನಮ್ಮ ಕಣ್ಣು ಅದನ್ನ ದಾಟಿ ಹೋಗುತ್ತೆ. (ಒಂಬತ್ತು ವರ್ಷದ ಮೇಲೆ ಇದೇ ಭುವಿ ಆರ್‌ಸಿಬಿ ಜೆರ್ಸಿಯಲ್ಲಿ ಕಪ್ ಎತ್ತಿದ್ದು ಬೇರೆ ಮಾತು.)

ಇನ್ನು ವಾಟ್ಸನ್. ಹೈದರಾಬಾದ್ ಇನಿಂಗ್ಸಿನ ಕೊನೇ ಓವರಿನಲ್ಲಿ ಅವರು 24 ಕೊಟ್ಟರು ನಿಜ. 2024ರಲ್ಲಿ ಬೆಂಗಳೂರಿನ ಒಂದು ಕಾರ್ಯಕ್ರಮದಲ್ಲಿ ಅವರೇ ಅಭಿಮಾನಿಗಳ ಕ್ಷಮೆ ಕೇಳಿದರು. ಎಂಟು ವರ್ಷ ಅದನ್ನ ಹೊತ್ತುಕೊಂಡಿದ್ದರಲ್ಲ, ಪಾಪ. ನಾವು ಹಾಕೋ ವಾದ ಹೀಗಿರುತ್ತೆ: ಆ ಓವರಿನಲ್ಲಿ 9 ಕಮ್ಮಿ ಕೊಟ್ಟಿದ್ರೆ ಗೆಲ್ತಿದ್ವಿ. ಸರಿ. ಆದರೆ ಇದೇ ಪರೀಕ್ಷೆಯನ್ನ ಬೇರೆ ಸಾಲುಗಳಿಗೂ ಹಾಕಿ ನೋಡಿ. ಎಬಿಡಿ 5ರ ಬದಲು 14 ಹೊಡೆದಿದ್ರೆ? ರಾಹುಲ್ 11ರ ಬದಲು 20? ಕಟಿಂಗ್ 15 ಎಸೆತಕ್ಕೆ 39 ಹೊಡೆಯದೆ 30ಕ್ಕೆ ನಿಂತಿದ್ರೆ? ಎಲ್ಲದಕ್ಕೂ ಉತ್ತರ 'ಗೆಲ್ತಿದ್ವಿ'. ಹತ್ತು ಜನರನ್ನ ಒಂದೇ ಸಲ ಅಪರಾಧಿ ಅನ್ನೋ ಪರೀಕ್ಷೆ ಯಾರ ಅಪರಾಧವನ್ನೂ ಸಾಬೀತು ಮಾಡೋದಿಲ್ಲ. ಲ್ಯಾಬಿನಲ್ಲಿ ಬೀಮ್ ಮುರಿದಾಗ ಕೊನೆಗೆ ಇಟ್ಟ ತೂಕವೊಂದನ್ನೇ ಬೈಯೋದಿಲ್ಲ ತಾನೇ?

2025ರ ಜೂನ್ 3ರ ಕಾರ್ಡು ಇದಕ್ಕೆ ಒಳ್ಳೇ ಜೋಡಿ. ಮರುದಿನ ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು, ಹೆಚ್ಚಿನವರು ನಮ್ಮ ವಯಸ್ಸಿನ ಆಸುಪಾಸಿನವರು. ಅದನ್ನ ಬದಿಗಿಟ್ಟು ಈ ಕಾರ್ಡು ನೋಡೋದು ನನಗಂತೂ ಕಷ್ಟ. ಮ್ಯಾಚಿನ ಲೆಕ್ಕ ಇಷ್ಟು: ಆರ್‌ಸಿಬಿ 9ಕ್ಕೆ 190, ಪಂಜಾಬ್ ಕಿಂಗ್ಸ್ 7ಕ್ಕೆ 184. ಕೊಹ್ಲಿ 35 ಎಸೆತಕ್ಕೆ 43. ಈಗ 2016ಕ್ಕೆ ತಿರುಗಿ: ಕೊಹ್ಲಿ 35 ಎಸೆತಕ್ಕೆ 54. ಅಷ್ಟೇ ಎಸೆತ, 11 ರನ್ ಕಮ್ಮಿ, ಕಪ್ ಮಾತ್ರ ಈ ಸಲ. ಕೊನೇ ಓವರಿಗೆ 29 ಬೇಕಿದ್ದಾಗ ಶಶಾಂಕ್ ಸಿಂಗ್‌ಗೆ ಮೊದಲ ಎರಡು ಎಸೆತದಲ್ಲಿ ರನ್ ಸಿಗಲಿಲ್ಲ, ಆಮೇಲೆ 6, 4, 6, 6. ಆ ಎರಡು ಎಸೆತ ಬೌಂಡರಿ ಆಗಿದ್ರೆ ಪಂಜಾಬ್ 192. ಆಗ ಕೊಹ್ಲಿಯ ಆ 43ಕ್ಕೆ ಹಾಸ್ಟೆಲಿನಲ್ಲಿ ಎಂಥ ತೀರ್ಪು ಬರ್ತಿತ್ತು ಅಂತ ಊಹಿಸಿಕೊಳ್ಳಿ.

ಒಂದೊಂದೇ ಕಾರ್ಡು ಬಿಟ್ಟು ಎಲ್ಲವನ್ನೂ ಸಾಲಾಗಿ ಇಟ್ರೆ ಇನ್ನೊಂದು ವಿಷಯ ಕಾಣುತ್ತೆ. ಈಗಿನ ಪ್ಲೇಆಫ್ ಪದ್ಧತಿ ಬಂದದ್ದು 2011ರಲ್ಲಿ. ಮೊದಲೆರಡು ಸ್ಥಾನದವರಿಗೆ ಒಂದು ಸೋಲು ಮಾಫಿ; ಮೂರು, ನಾಲ್ಕನೇಯವರು ಸತತ ಮೂರು ಗೆಲ್ಲಬೇಕು. ಎಲ್ಲಾ ತಂಡ ಸರಿಸಮ ಅಂದ್ಕೊಂಡ್ರೆ ಮೇಲಿನವರಿಗೆ ಕಪ್ಪಿನ ಸಾಧ್ಯತೆ 3/8, ಕೆಳಗಿನವರಿಗೆ 1/8. 2025ರವರೆಗೆ ಆರ್‌ಸಿಬಿ ಮೊದಲೆರಡರಲ್ಲಿ ಮುಗಿಸಿದ್ದು ಮೂರು ಸಲ, 2011, 2016, 2025. ಮೂರು ಸಲವೂ ಫೈನಲ್. 2015, 2020, 2021, 2022, 2024ರಲ್ಲಿ ಮೂರು ಅಥವಾ ನಾಲ್ಕನೇ ಸ್ಥಾನ. ಒಮ್ಮೆಯೂ ಫೈನಲ್ ಇಲ್ಲ. ಐದು ಸಲ 1/8 ಸಾಧ್ಯತೆಯಲ್ಲಿ ಆಡಿ ಐದೂ ಸಲ ಬರಿಗೈಲಿ ಬರೋ ಸಾಧ್ಯತೆ (7/8)⁵, ಹತ್ತಿರಹತ್ತಿರ 51%. ನಾಣ್ಯ ಚಿಮ್ಮಿದಷ್ಟೇ. ಅದಕ್ಕೆ ಶಾಪ, ದೃಷ್ಟಿ, ಜೆರ್ಸಿ ಬಣ್ಣ ಏನೂ ಬೇಕಿಲ್ಲ. 2025ರವರೆಗೆ ಎಲಿಮಿನೇಟರ್ ಆಡಿ ಕಪ್ ಗೆದ್ದ ತಂಡ ಒಂದೇ, 2016ರ ಹೈದರಾಬಾದ್. ಅದು ಗೆದ್ದದ್ದೂ ನಮ್ಮ ಮೇಲೆಯೇ!

2011ರ ಫೈನಲ್ ಕಾರ್ಡಿನಲ್ಲಿ ಹುಡುಕೋಕೆ ಏನೂ ಇಲ್ಲ. ಚೆನ್ನೈ 205, ಗೇಲ್ ಸೊನ್ನೆ, 58 ರನ್ ಸೋಲು.

2009ರದ್ದು ನಿಮಗೆ ಬಿಟ್ಟಿದ್ದು. ಮೇ 24, ಜೋಹಾನ್ಸ್‌ಬರ್ಗ್. ಡೆಕ್ಕನ್ ಚಾರ್ಜರ್ಸ್ 6ಕ್ಕೆ 143, ಆರ್‌ಸಿಬಿ 9ಕ್ಕೆ 137. ಕ್ಯಾಪ್ಟನ್ ಅನಿಲ್ ಕುಂಬ್ಳೆ 4 ಓವರ್, 16 ರನ್, 4 ವಿಕೆಟ್. ಸೋತ ತಂಡದವರಾದರೂ ಪಂದ್ಯಶ್ರೇಷ್ಠ ಅವರೇ. ಕುಂಬ್ಳೆಯ ನಾಲ್ಕು ಓವರ್ ತೆಗೆದು ಉಳಿದ ಹದಿನಾರರ ರೇಟು ಹಾಕಿ, ಅದನ್ನ ಆರ್‌ಸಿಬಿಗೆ ಬೇಕಿದ್ದ 7.2ರ ಪಕ್ಕ ಇಡಿ. ಆಮೇಲೆ ವಿಕೆಟ್ ಪತನದ ಸಾಲು ಹುಡುಕಿ, ಯಾವ ಓವರಿನಿಂದ ರೇಟು ಕೈ ತಪ್ಪಿತು ಅಂತ ಗುರುತು ಮಾಡಿ. ಯಾರ ಹೆಸರು ಬರೀಬೇಕು ಅನ್ನೋದು ಅದಾದ ಮೇಲೆ.